ಇಂಜಿನ್ ನಿಂತರೆ ಹೆಲಿಕಾಪ್ಟರ್ ಬೀಳುತ್ತಾ?

(ಮೂಡುಬಿದಿರೆಯಲ್ಲಿ ವಿದ್ಯಾರ್ಥಿಗಳು ಮತ್ತು ಊರ ನಾಗರಿಕರ ಮುಂದೆ ಆಡಿದ ಮಾತು)

ಭಾಷಣ ಶುರು ಮಾಡೋ ಮುಂಚೆ ಒಂದು ಪ್ರಶ್ನೆ. ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿರುವ ಹೆಲಿಕಾಪ್ಟರ್‌ನ ಇಂಜಿನ್ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು ಅಂತಿಟ್ಟುಕೊಳ್ಳಿ. ಕಲ್ಲು ಬಿದ್ದ ಹಾಗೆ ನೆಟ್ಟಗೆ ಕೆಳಗೆ ಬೀಳುತ್ತೆ ಅನ್ನೋರು ಕೈ ಎತ್ತಿ.

ನೋಡಿ, ಮುಕ್ಕಾಲು ಸಭೆ ಕೈ ಎತ್ತಿದೆ. ಹಿಂದಿನ ಸಾಲಿನ ಹಿರಿಯರೊಬ್ಬರು ಎರಡೂ ಕೈ ಎತ್ತಿದ್ದಾರೆ.

ಬೀಳಲ್ಲ ಸ್ವಾಮಿ. ಪೈಲಟ್ ಎಚ್ಚರವಾಗಿದ್ದರೆ, ಕೆಳಗೆ ಒಂದಿಷ್ಟು ಬಯಲು ಇದ್ದರೆ, ಇಂಜಿನ್ ಇಲ್ಲದೆಯೂ ಅದು ಇಳಿಯುತ್ತೆ. ಅದು ಪವಾಡ ಅಲ್ಲ. ಹೆಲಿಕಾಪ್ಟರ್ ಕಲಿಯೋ ಪ್ರತಿಯೊಬ್ಬ ಪೈಲಟ್‌ಗೂ ಅದನ್ನು ಕಲಿಸ್ತಾರೆ, ಮತ್ತೆ ಮತ್ತೆ ಮಾಡಿಸ್ತಾರೆ. ಅದಕ್ಕೆ ಆಟೋರೊಟೇಷನ್ ಅಂತ ಹೆಸರು.

ಇದನ್ನು ಅರ್ಥ ಮಾಡಿಕೊಳ್ಳೋಕೆ ನಿಮಗೆ ಎಂಜಿನಿಯರಿಂಗ್ ಬೇಡ. ನಿಮ್ಮ ಕಡೆ ಕಿರಾಲ್‌ಬೋಗಿ ಅಂತ ಮರ ಇದೆಯಲ್ಲ, ಅದರ ಕಾಯಿಗೆ ಎರಡು ರೆಕ್ಕೆ. ಮರದಿಂದ ಬಿಟ್ಟಾಗ ನೆಟ್ಟಗೆ ಬೀಳಲ್ಲ, ಗಿರಗಿರ ತಿರುಗ್ತಾ ನಿಧಾನಕ್ಕೆ ಇಳಿಯುತ್ತೆ. ಅದಕ್ಕೆ ಯಾವ ಇಂಜಿನ್ನೂ ಇಲ್ಲ. ಕೆಳಗಿನಿಂದ ಮೇಲಕ್ಕೆ ಹಾಯುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತೆ, ತಿರುಗೋ ರೆಕ್ಕೆ ಕಾಯಿಯನ್ನು ಹಿಡಿದುಕೊಳ್ಳುತ್ತೆ. ಇಂಜಿನ್ ಸತ್ತ ಹೆಲಿಕಾಪ್ಟರ್‌ದೂ ಇದೇ ಕಥೆ.

ಇನ್ನೊಂದು ಸಂಗತಿ ಸೈಕಲ್‌ದು. ಇಳಿಜಾರಿನಲ್ಲಿ ಪೆಡಲ್ ತುಳಿಯೋದು ನಿಲ್ಲಿಸಿದರೂ ಹಿಂದಿನ ಚಕ್ರ ಟಿಕ್ ಟಿಕ್ ಅಂತ ತಿರುಗ್ತಾನೇ ಇರುತ್ತೆ. ಫ್ರೀವೀಲ್ ಇರೋದರಿಂದ. ಹೆಲಿಕಾಪ್ಟರ್‌ನಲ್ಲೂ ಇಂಜಿನ್ ಮತ್ತು ರೋಟರ್ ನಡುವೆ ಇಂಥದ್ದೇ ಒಂದು ವ್ಯವಸ್ಥೆ ಇಟ್ಟಿರ್ತಾರೆ. ಇಂಜಿನ್ ನಿಂತ ತಕ್ಷಣ ಅದು ರೋಟರ್‌ನ ಕೈ ಬಿಟ್ಟುಬಿಡುತ್ತೆ. ಸತ್ತ ಇಂಜಿನ್ ತಿರುಗೋ ರೆಕ್ಕೆಯನ್ನು ಹಿಡಿದೆಳೆಯೋ ಹಾಗಿಲ್ಲ.

ಆದರೆ ಇಷ್ಟರಿಂದಲೇ ಜೀವ ಉಳಿಯಲ್ಲ. ಪೈಲಟ್‌ನ ಎಡಗೈಯಲ್ಲಿ ಒಂದು ಲಿವರ್ ಇರುತ್ತೆ, ಕಾರಿನ ಹ್ಯಾಂಡ್‌ಬ್ರೇಕ್ ಇದ್ದ ಹಾಗೆ. ಅದನ್ನು ಕಲೆಕ್ಟಿವ್ ಅಂತಾರೆ. ಮೇಲೆತ್ತಿದರೆ ಎಲ್ಲ ರೆಕ್ಕೆಗಳ ಕೋನ ಹೆಚ್ಚಾಗಿ ಹೆಲಿಕಾಪ್ಟರ್ ಏರುತ್ತೆ, ಕೆಳಗೊತ್ತಿದರೆ ಇಳಿಯುತ್ತೆ. ಇಂಜಿನ್ ನಿಂತ ಕ್ಷಣದಲ್ಲಿ ಪೈಲಟ್ ಮಾಡಬೇಕಾದ ಮೊದಲ ಕೆಲಸ, ಆ ಲಿವರನ್ನು ಪೂರ್ತಿ ಕೆಳಗೆ ಒತ್ತೋದು. ಯಂತ್ರ ಬೀಳ್ತಾ ಇದೆ, ಮನುಷ್ಯನ ಮನಸ್ಸು ಎತ್ತು ಎತ್ತು ಅಂತ ಕೂಗುತ್ತೆ, ಆದರೆ ಕೈ ಒತ್ತಬೇಕು! ಎತ್ತಿದರೆ ರೆಕ್ಕೆಯ ವೇಗ ಸತ್ತುಹೋಗುತ್ತೆ, ಒಂದು ಮಿತಿಗಿಂತ ಕೆಳಗೆ ಹೋದರೆ ಅದನ್ನು ಮತ್ತೆ ತಿರುಗಿಸೋ ಶಕ್ತಿ ಯಾವುದೂ ಇಲ್ಲ. ತರಬೇತಿಗೆ ಬಳಸೋ ಸಣ್ಣ ಹೆಲಿಕಾಪ್ಟರ್‌ಗಳಲ್ಲಿ ಇದಕ್ಕೆ ಸಿಗೋ ಸಮಯ ಒಂದೆರಡು ಸೆಕೆಂಡು. ನಾನು ಈ ವಾಕ್ಯ ಹೇಳಿ ಮುಗಿಸೋಷ್ಟು ಹೊತ್ತೂ ಇಲ್ಲ.

ಆಮೇಲೆ ನಿಮಿಷಕ್ಕೆ ಒಂದೂವರೆ, ಎರಡು ಸಾವಿರ ಅಡಿಯ ಲೆಕ್ಕದಲ್ಲಿ ಇಳಿಯುತ್ತೆ. ಸಾವಿರ ಅಡಿಯಲ್ಲಿದ್ದರೆ ಅರ್ಧ ನಿಮಿಷ, ಹೆಚ್ಚೆಂದರೆ ಮುಕ್ಕಾಲು ನಿಮಿಷ. ಆ ಹೊತ್ತಲ್ಲಿ ಜಾಗ ಹುಡುಕಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಬೇಕು, ರೇಡಿಯೋದಲ್ಲಿ ಮೇಡೇ ಹೇಳಬೇಕು. ನೆಲ ಹತ್ತಿರ ಬಂದಾಗ ಮೂತಿ ಮೇಲೆತ್ತಿ ವೇಗ ಕೊಲ್ಲಬೇಕು, ಕೊನೇ ಕೆಲವು ಅಡಿ ಇರೋವಾಗ, ರೆಕ್ಕೆಯಲ್ಲಿ ಉಳಿದಿರೋ ತಿರುಗಾಟವನ್ನೆಲ್ಲ ಕಲೆಕ್ಟಿವ್ ಎತ್ತಿ ಒಂದೇ ಸಲ ಖರ್ಚು ಮಾಡಬೇಕು. ಒಂದೇ ಸಲ. ಎರಡನೇ ಅವಕಾಶ ಇಲ್ಲ.

ಜಾಗ ಅಂದೆನಲ್ಲ. ನಿನ್ನೆ ಮಂಗಳೂರು ಕಡೆಯಿಂದ ಇಲ್ಲಿಗೆ ರಸ್ತೆಯಲ್ಲಿ ಬರೋವಾಗ ಕಿಟಕಿಯಿಂದ ಇದೇ ನೋಡ್ತಾ ಬಂದೆ. ನಿಮ್ಮ ಊರಿನ ಮೇಲೆ ಹಾರೋ ಪೈಲಟ್‌ಗೆ ಕೆಳಗೆ ಏನು ಕಾಣುತ್ತೆ? ಅಡಿಕೆ ತೋಟ, ರಬ್ಬರ್, ತೆಂಗು, ಮತ್ತೆ ಅಡಿಕೆ ತೋಟ. ಅದರಲ್ಲಿ ಇಳಿಯೋ ಹಾಗಿಲ್ಲ. ಆದರೆ ಮಧ್ಯೆ ಮಧ್ಯೆ ಮುರಕಲ್ಲಿನ ಪದವುಗಳಿವೆ, ಕೊಯ್ಲಾದ ಗದ್ದೆ ಇದೆ, ಶಾಲೆ ಮೈದಾನ ಇದೆ. ಅನುಭವಿ ಪೈಲಟ್ ಹಾರಾಟದುದ್ದಕ್ಕೂ ಇದನ್ನೇ ನೋಡ್ತಾ ಇರ್ತಾನೆ. ಈಗ ನಿಂತರೆ ಆ ಪದವು, ಈಗ ನಿಂತರೆ ಆ ಬಾಕಿಮಾರು ಗದ್ದೆ. ನಾವು ಕಿಟಕಿಯಿಂದ ಸಾವಿರ ಕಂಬದ ಬಸದಿ ಎಲ್ಲಿ, ಕೊಣಾಜೆ ಕಲ್ಲು ಎಲ್ಲಿ ಅಂತ ಹುಡುಕ್ತಾ ಇರೋವಾಗ, ಅವನು ಇಳಿಯೋ ಜಾಗ ಹುಡುಕ್ತಾ ಇರ್ತಾನೆ. ಇನ್ನೊಂದು, ತಂತಿ. ಉಡುಪಿ–ಕಾಸರಗೋಡು 400 ಕೆವಿ ಲೈನಿನ ಗಲಾಟೆ ನಿಮಗೆ ನಾನು ಹೇಳಬೇಕಾಗಿಲ್ಲ, ಇಲ್ಲಿ ಕೂತವರಲ್ಲಿ ಪ್ರತಿಭಟನೆಗೆ ಹೋದವರೂ ಇರಬಹುದು. ರೈತನಿಗೆ ಅದು ಭೂಮಿಯ ಪ್ರಶ್ನೆ. ಹೆಲಿಕಾಪ್ಟರ್ ಪೈಲಟ್‌ಗೆ ಪ್ರಾಣದ ಪ್ರಶ್ನೆ. ಟವರ್ ಕಾಣುತ್ತೆ, ತಂತಿ ಕಾಣಲ್ಲ.

ಹಾಗಾದ್ರೆ ಇಂಜಿನ್ ನಿಂತರೂ ಭಯ ಇಲ್ವಾ ಅಂತ ಕೇಳಬೇಡಿ. ಎತ್ತರವೂ ಇಲ್ಲದೆ, ಮುಂದಕ್ಕೆ ವೇಗವೂ ಇಲ್ಲದೆ ನಿಂತಲ್ಲೇ ನಿಂತಿರೋ ಹೆಲಿಕಾಪ್ಟರ್ ಇಂಜಿನ್ ನಿಂತರೆ ಆಟೋರೊಟೇಷನ್‌ಗೆ ಸಮಯ ಸಿಗಲ್ಲ. ನೂರಿನ್ನೂರು ಅಡಿ ಮೇಲೆ ತೇಲ್ತಾ ಜನರಿಗೆ ಹೂವು ಸುರಿಯೋ ಹೆಲಿಕಾಪ್ಟರ್ ನೋಡಿ ನಾವು ಚಪ್ಪಾಳೆ ಹೊಡೀತೀವಿ. ಪೈಲಟ್‌ಗೆ ಅದು ಇಡೀ ಹಾರಾಟದ ಅತ್ಯಂತ ಕೆಟ್ಟ ಜಾಗ.

ಈಗ ಬಾಲದ ವಿಷಯ. 2024ರ ಮೇ 24ರ ಬೆಳಗ್ಗೆ ಕೇದಾರನಾಥದ ಆ ವಿಡಿಯೋ ನಿಮ್ಮೆಲ್ಲರ ಮೊಬೈಲಿಗೂ ಬಂದಿರುತ್ತೆ. ಹೆಲಿಪ್ಯಾಡ್‌ಗೆ ನೂರು ಮೀಟರ್ ಇರೋವಾಗ ಹೆಲಿಕಾಪ್ಟರ್ ಬುಗುರಿ ಹಾಗೆ ತಿರುಗೋಕೆ ಶುರುವಾಯ್ತು. ಕೆಳಗಿದ್ದ ಜನ ಓಡಿದ್ರು. ಹೆಲಿಪ್ಯಾಡ್ ಬಿಟ್ಟು ಪಕ್ಕದ ಇಳಿಜಾರಿನಲ್ಲಿ ಧಡ್ ಅಂತ ಕೂತಿತು. ಪೈಲಟ್ ಸೇರಿ ಏಳು ಜನ, ಏಳೂ ಜನ ಬದುಕಿದ್ರು.

ಯಾಕೆ ತಿರುಗಿತು? ಮೇಲಿನ ದೊಡ್ಡ ರೋಟರ್ ಒಂದು ಕಡೆ ತಿರುಗಿದರೆ ಹೆಲಿಕಾಪ್ಟರ್‌ನ ಒಡಲು ಇನ್ನೊಂದು ಕಡೆ ತಿರುಗೋಕೆ ನೋಡುತ್ತೆ. ಅದನ್ನು ಹಿಡಿದಿಡೋದೇ ಬಾಲದ ಸಣ್ಣ ರೋಟರ್‌ನ ಕೆಲಸ. ಅದು ಕೈಕೊಟ್ಟರೆ ಒಡಲು ಸುತ್ತೋಕೆ ಶುರು. ಪೈಲಟ್ ಏನು ಮಾಡಬೇಕು? ಇಂಜಿನ್‌ನ ಬಲವೇ ಒಡಲನ್ನು ತಿರುಗಿಸ್ತಾ ಇರೋದು, ಹಾಗಾಗಿ ಆ ಬಲ ಕಡಿಮೆ ಮಾಡಿ ಇಳಿಸಬೇಕು. ಎತ್ತರ ಇದ್ದರೆ, ಮುಂದಕ್ಕೆ ವೇಗ ಇದ್ದರೆ, ಬಾಲದ ಲಂಬ ರೆಕ್ಕೆಗೆ ಗಾಳಿ ಬಡಿದು ಒಂದಿಷ್ಟು ನೇರವಾಗಿರುತ್ತೆ. ಆಗ ಉದ್ದನೆಯ ರನ್‌ವೇ ಹುಡುಕಿ ವಿಮಾನದ ಹಾಗೆ ಓಡುತ್ತಾ ಇಳಿಸಬಹುದು. ನೆಲದ ಹತ್ತಿರ, ವೇಗವಿಲ್ಲದ ಹೊತ್ತಿನಲ್ಲಿ ಆದರೆ ಕಷ್ಟ. 2018ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಫುಟ್‌ಬಾಲ್ ಕ್ಲಬ್ ಮಾಲೀಕರನ್ನು ಕೂರಿಸಿಕೊಂಡು ಮೈದಾನದಿಂದಲೇ ಮೇಲೆದ್ದ ಹೆಲಿಕಾಪ್ಟರ್‌ನ ಬಾಲದ ರೋಟರ್‌ನ ಬೇರಿಂಗ್ ಹೋಯಿತು. ಐದೂ ಜನ ಹೋದರು. ಪೈಲಟ್ ಏನೇ ಮಾಡಿದ್ದರೂ ತಪ್ಪಿಸೋಕೆ ಆಗ್ತಿರಲಿಲ್ಲ ಅನ್ನೋದು ತನಿಖೆಯ ತೀರ್ಮಾನ. ಒಂದು ಬೇರಿಂಗ್! ಹಾಗಾಗಿ ಗಾಳಿಯಲ್ಲಿ ಪೈಲಟ್ ತೋರಿಸೋ ಸಾಹಸದಷ್ಟೇ, ಹ್ಯಾಂಗರ್‌ನಲ್ಲಿ ಗ್ರೀಸ್ ಮೆತ್ತಿದ ಕೈಯ ಮೆಕ್ಯಾನಿಕ್ ಹಾಕೋ ಸಹಿಯೂ ಮುಖ್ಯ. ಅವರ ಫೋಟೋ ಯಾವ ಚಾನೆಲ್‌ನಲ್ಲೂ ಬರಲ್ಲ.

ಈಗ ನಮ್ಮ ಚಾನೆಲ್‌ಗಳ ವಿಷಯಕ್ಕೇ ಬರ್ತೀನಿ. 2023ರ ವಿಧಾನಸಭೆ ಚುನಾವಣೆ ನೆನಪಿದೆಯಲ್ಲ. ಮೇ 10ಕ್ಕೆ ಮತದಾನ. ಮೇ 3ಕ್ಕೆ ಪ್ರಧಾನಿ ನಿಮ್ಮ ಮುಲ್ಕಿ–ಮೂಡುಬಿದಿರೆ ಕ್ಷೇತ್ರದ ಕೊಲ್ನಾಡಿಗೆ ಬಂದಿದ್ದರು. ಅದರ ಹಿಂದಿನ ದಿನ, ಮೇ 2, ಡಿ.ಕೆ. ಶಿವಕುಮಾರ್ ಅವರು ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟಿದ್ದರು. ಅದರಲ್ಲಿ ನಮ್ಮದೇ ವೃತ್ತಿಯ ವರದಿಗಾರರೊಬ್ಬರು ಸಂದರ್ಶನ ಮಾಡ್ತಾ ಕೂತಿದ್ದರು. ಹೊಸಕೋಟೆ ಹತ್ತಿರ ಒಂದು ಹದ್ದು ಬಂದು ಮುಂದಿನ ಗಾಜಿಗೆ ಬಡಿಯಿತು. ಗಾಜು ಒಡೆಯಿತು.

ಟಿವಿಯಲ್ಲಿ ಏನು ಬಂತು? "ಕೂದಲೆಳೆ ಅಂತರದಲ್ಲಿ ಪಾರು." "ತಪ್ಪಿದ ಭಾರೀ ದುರಂತ." ಒಡೆದ ಗಾಜು ಸಂಜೆವರೆಗೂ ತಿರುಗಿತು. ಶಕುನದ ಚರ್ಚೆಯೂ ಆಯ್ತು, ಹದ್ದು ಬಡಿದರೆ ಒಳ್ಳೇದಾ ಕೆಟ್ಟದ್ದಾ ಅಂತ. ಪೈಲಟ್ ಮಾಡಿದ್ದೇನು ಅನ್ನೋದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ಅವರು ಮಾಡಿದ್ದು ಇಷ್ಟೇ. ಗಾಜು ಒಡೆದಾಗ ಮುಖಕ್ಕೆ ಗಾಳಿ ರಾಚುತ್ತೆ, ಚೂರು ಹಾರುತ್ತೆ, ಕಿವಿ ತುಂಬ ಸದ್ದು. ಆಗಲೂ ಕೈ ಕಂಟ್ರೋಲ್ ಬಿಡಬಾರದು. ಪೈಲಟ್‌ಗಳಿಗೆ ಮೊದಲ ದಿನದಿಂದ ಕಲಿಸೋ ಕ್ರಮ ಒಂದಿದೆ: ಮೊದಲು ಹಾರಿಸು, ಆಮೇಲೆ ಎಲ್ಲಿಗೆ ಅಂತ ನೋಡು, ಆಮೇಲೆ ಮಾತಾಡು. ಆ ಕ್ರಮದಲ್ಲೇ ನಡೆಯಿತು. ಮುಳಬಾಗಿಲಿನ ಸಭೆ ಬಿಟ್ಟು, ಅಗ್ನಿಶಾಮಕ ವಾಹನ, ಆಂಬುಲೆನ್ಸ್, ಉದ್ದನೆಯ ರನ್‌ವೇ ಎಲ್ಲ ಇರುವ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ತಂದು ಇಳಿಸಿದರು. ಸುದ್ದಿ ಅಂದ್ರೆ ಇದು.

ಅದಕ್ಕೂ ಎರಡು ತಿಂಗಳ ಮುಂಚೆ, ಮಾರ್ಚ್ 6, ಕಲಬುರಗಿ ಜಿಲ್ಲೆಯ ಜೇವರ್ಗಿ. ಯಡಿಯೂರಪ್ಪನವರ ಹೆಲಿಕಾಪ್ಟರ್ ಇನ್ನೇನು ಇಳಿಯಬೇಕು, ಹೆಲಿಪ್ಯಾಡ್ ಸುತ್ತಲಿದ್ದ ಪ್ಲಾಸ್ಟಿಕ್ ಹಾಳೆ, ಕಸ, ಧೂಳು ಎಲ್ಲ ರೆಕ್ಕೆಯ ಗಾಳಿಗೆ ಎದ್ದು ಹಾರಾಡೋಕೆ ಶುರುವಾಯ್ತು. ಪೈಲಟ್ ಇಳಿಸಲೇ ಇಲ್ಲ. ವಾಪಸ್ ಮೇಲೆದ್ದರು. ಕೆಳಗಿದ್ದವರು ಓಡಾಡಿ ಕಸ ತೆಗೆದ ಮೇಲೆ ಇಳಿಸಿದರು. ಒಂದು ಪ್ಲಾಸ್ಟಿಕ್ ಹಾಳೆ ಇಂಜಿನ್‌ನ ಬಾಯಿಗೋ ಬಾಲದ ರೋಟರ್‌ಗೋ ಹೋಗಿ ಸಿಕ್ಕಿಕೊಂಡರೆ ಏನಾಗುತ್ತೆ ಅಂತ ಈಗ ನಿಮಗೆ ಗೊತ್ತು. ನೆಲದಿಂದ ಕೆಲವೇ ಅಡಿ ಮೇಲೆ, ವೇಗವಿಲ್ಲದ ಹೊತ್ತು. ನಿಮ್ಮ ಊರಿನ ಮೈದಾನದಲ್ಲಿ ಯಾರಾದ್ರೂ ದೊಡ್ಡವರು ಇಳಿಯೋದಿದ್ದರೆ, ಫ್ಲೆಕ್ಸ್ ಕಟ್ಟೋ ಹುಡುಗರಿಗೆ ದಯವಿಟ್ಟು ಇದನ್ನು ಹೇಳಿ. ಸ್ವಾಗತದ ಫ್ಲೆಕ್ಸೇ ಯಮನಾಗಬಹುದು.

ಎರಡೂ ಸಲ ಪೈಲಟ್ ಸರಿಯಾದದ್ದನ್ನೇ ಮಾಡಿದರು. ಆದರೆ ತೆರೆಯ ಮೇಲೆ ಎರಡೂ ಒಂದೇ ಥರ, "ಗಂಡಾಂತರ". ಇದರಲ್ಲಿ ಒಂದು ಅಪಾಯ ಇದೆ. ಪೈಲಟ್ ಮುನ್ನೆಚ್ಚರಿಕೆಗೆ ಅಂತ ಒಂದು ಗದ್ದೆಯಲ್ಲಿ ಇಳಿಸಿದರೂ ನಾವು ಅದನ್ನು ದುರಂತದ ತಮ್ಮ ಅನ್ನೋ ಹಾಗೆ ತೋರಿಸಿದರೆ, ಮುಂದಿನ ಸಲ ಅವನು ಇಳಿಸೋಕೆ ಹಿಂದೆಮುಂದೆ ನೋಡ್ತಾನೆ. ಕಂಪನಿಗೆ ಕೆಟ್ಟ ಹೆಸರು, ಗಿರಾಕಿಗೆ ಸಿಟ್ಟು, ಟಿವಿಯಲ್ಲಿ ಮುಖ. ಇನ್ನೈದು ನಿಮಿಷ ತಾನೇ, ತಲುಪಿಬಿಡೋಣ ಅನ್ನಿಸುತ್ತೆ. ಆ ಇನ್ನೈದು ನಿಮಿಷವೇ ಕೊಲ್ಲೋದು.

ಹೆಲಿಕಾಪ್ಟರ್‌ನ ತುರ್ತು ಪುಸ್ತಕದಲ್ಲಿ ಮೂರು ಮಟ್ಟದ ಮಾತಿರುತ್ತೆ. ಒಂದು, ಈಗಲೇ ಇಳಿ. ಮರವೋ ನೀರೋ, ಎಲ್ಲಾದರೂ ಸರಿ. ಎರಡು, ಮೊದಲು ಸಿಕ್ಕ ಸುರಕ್ಷಿತ ಜಾಗದಲ್ಲಿ ಇಳಿ. ಮೂರು, ಅನುಕೂಲ ನೋಡಿ ಹತ್ತಿರದ ನಿಲ್ದಾಣದಲ್ಲಿ ಇಳಿ. ಯಾವ ದೀಪ ಹೊತ್ತಿದರೆ ಯಾವ ಮಟ್ಟ ಅಂತ ಬರೆದಿರುತ್ತೆ. ಮುಖ್ಯ ಗೇರ್‌ಬಾಕ್ಸ್‌ನ ಆಯಿಲ್ ಪೂರ್ತಿ ಹೋದರೆ ಮೊದಲನೇ ಮಟ್ಟ. ಇಂಜಿನ್ ಹೋದರೆ ರೋಟರ್ ತಿರುಗುತ್ತೆ ಅಂದೆ. ಗೇರ್‌ಬಾಕ್ಸ್ ಕಚ್ಚಿಕೊಂಡರೆ ರೋಟರೇ ನಿಲ್ಲುತ್ತೆ. ಕಿರಾಲ್‌ಬೋಗಿ ಕಾಯಿಯ ರೆಕ್ಕೆ ಕಿತ್ತ ಹಾಗೆ.

2009ರ ಮಾರ್ಚ್ 12. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಸಮುದ್ರದ ಮೇಲೆ, ತೈಲ ಬಾವಿಗೆ 18 ಜನರನ್ನು ಹೊತ್ತ ಎಸ್-92 ಹೆಲಿಕಾಪ್ಟರ್. ಗೇರ್‌ಬಾಕ್ಸ್‌ನ ಆಯಿಲ್ ಫಿಲ್ಟರ್ ಹಿಡಿದಿದ್ದ ಟೈಟಾನಿಯಂ ಬೋಲ್ಟ್ ಮುರಿದು ಆಯಿಲ್ ಎಲ್ಲ ಸೋರಿಹೋಯಿತು. ಆಯಿಲ್ ಇಲ್ಲದೆಯೂ ಇದು ಅರ್ಧ ಗಂಟೆ ಓಡುತ್ತೆ ಅನ್ನೋ ನಂಬಿಕೆ ಆ ಯಂತ್ರದ ಬಗ್ಗೆ ಇತ್ತು. ಪೈಲಟ್‌ಗಳು ದಡದ ಕಡೆ ತಿರುಗಿಸಿದರು. ಸುಮಾರು 11 ನಿಮಿಷಕ್ಕೆ ಎಲ್ಲ ಮುಗಿಯಿತು. 17 ಜನ ಸತ್ತರು, ಒಬ್ಬರು ಉಳಿದರು. ಆಯಿಲ್ ಹೋದ ತಕ್ಷಣ, ನಿಯಂತ್ರಣ ಇರೋವಾಗಲೇ, ಆ ತಣ್ಣನೆಯ ನೀರಿನ ಮೇಲೇ ಇಳಿಸಿದ್ದರೆ ಬದುಕೋ ಅವಕಾಶ ಇತ್ತು. ಹೇಳೋದು ಸುಲಭ. ಕಣ್ಣೆದುರು ಅಲೆ ಏಳ್ತಾ ಇರೋವಾಗ, ಯಂತ್ರ ಇನ್ನೂ ಸರಿಯಾಗೇ ಹಾರ್ತಾ ಇರೋವಾಗ, ಅದನ್ನು ನೀರಿಗೆ ಇಳಿಸೋ ಮನಸ್ಸು ಯಾರಿಗೆ ಬರುತ್ತೆ?

ಬಂದವರೂ ಇದ್ದಾರೆ. 2023ರ ಮಾರ್ಚ್ 8, ಮುಂಬೈ ಕರಾವಳಿ, ನೌಕಾಪಡೆಯ ಧ್ರುವ್ ಹೆಲಿಕಾಪ್ಟರ್. ಅದು ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡಿದ ಯಂತ್ರ. ಇದ್ದಕ್ಕಿದ್ದ ಹಾಗೆ ಶಕ್ತಿ ಕುಸಿಯಿತು, ಎತ್ತರ ಕಳೆದುಕೊಂಡಿತು. ಪೈಲಟ್ ಹಿಡಿತ ಬಿಡದೆ ಸಮುದ್ರದ ಮೇಲೆ ಇಳಿಸಿದರು. ಮೂವರೂ ಹೊರಬಂದರು, ನೌಕಾಪಡೆಯ ದೋಣಿ ಎತ್ತಿಕೊಂಡಿತು.

ಅದೇ 2009ರ ಸೆಪ್ಟೆಂಬರ್ 2, ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ. ಹೈದರಾಬಾದಿನ ಬೇಗಂಪೇಟೆಯಿಂದ ಚಿತ್ತೂರಿಗೆ. ನಲ್ಲಮಲ ಕಾಡಿನ ಮೇಲೆ ಮಳೆ ಮೋಡ. ತನಿಖೆಯಲ್ಲಿ ಗೊತ್ತಾಗಿದ್ದೇನು? ಟ್ರಾನ್ಸ್‌ಮಿಷನ್ ಆಯಿಲ್‌ಗೆ ಸಂಬಂಧಿಸಿದ ಒಂದು ಸೂಚನೆ ಬಂದಿತ್ತು, ಪೈಲಟ್‌ಗಳು ಅದರ ಪುಟವನ್ನು ಪುಸ್ತಕದಲ್ಲಿ ಹುಡುಕ್ತಾ ಇದ್ದರು. ಗಮನ ಅಲ್ಲಿ ಹಂಚಿಹೋಗಿತ್ತು, ಹೊರಗೆ ಹವಾಮಾನ ಕೆಡ್ತಾ ಇತ್ತು. ಕೊನೆಗೆ ಕೆಳಮುಖದ ಬಲವಾದ ಗಾಳಿಗೆ ಸಿಕ್ಕಿ ಹಿಡಿತ ತಪ್ಪಿತು. ಐದೂ ಜನ. ಅವಶೇಷ ಸಿಕ್ಕಿದ್ದು ಮರುದಿನ. ಮೊದಲು ಹಾರಿಸು ಅನ್ನೋ ಮಾತು ಯಾಕೆ ಮೊದಲು ಬರುತ್ತೆ ಅಂತ ಈ ಒಂದು ವರದಿ ಓದಿದರೆ ಸಾಕು. ಸಣ್ಣ ತೊಂದರೆಯನ್ನು ನೋಡ್ತಾ ನೋಡ್ತಾ ದೊಡ್ಡದು ಕಣ್ಣು ತಪ್ಪಿಸಿಬಿಡುತ್ತೆ.

ಇಷ್ಟೆಲ್ಲ ಹೇಳಿದೆ. ಆದರೆ ಇಂಜಿನ್, ಬಾಲ, ಗೇರ್‌ಬಾಕ್ಸ್‌ಗಿಂತ ನನಗೆ ಹೆದರಿಕೆ ಹುಟ್ಟಿಸೋದು ಮೋಡ. ಯಾಕಂದ್ರೆ ಅಲ್ಲಿ ಯಾವ ದೀಪವೂ ಹೊತ್ತಲ್ಲ, ಯಾವ ಗಂಟೆಯೂ ಬಾರಿಸಲ್ಲ.

ಮಳೆಗಾಲದಲ್ಲಿ ಚಾರ್ಮಾಡಿ ಹತ್ತಿದವರಿಗೆ ಗೊತ್ತು. ಉಜಿರೆಯಲ್ಲಿ ಬಿಸಿಲು ಇರುತ್ತೆ, ಕೊಟ್ಟಿಗೆಹಾರದಲ್ಲಿ ಎದುರಿನ ಬಸ್ಸಿನ ಲೈಟ್ ಕಾಣಲ್ಲ. ರಸ್ತೆಯಲ್ಲಾದರೆ ಬ್ರೇಕ್ ಹಾಕಿ ಪಕ್ಕಕ್ಕೆ ನಿಲ್ಲಿಸಬಹುದು. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೆಲಿಕಾಪ್ಟರ್‌ನಲ್ಲಿ ಬರೋರು ಇದೇ ಘಟ್ಟ ದಾಟಿ ಬರಬೇಕು. ಕಣಿವೆಯಲ್ಲಿ ಒಂದು ಕಿಂಡಿ ಕಾಣುತ್ತೆ, ಅದರೊಳಗೆ ತೂರಿ ಆಚೆ ಹೋಗಿಬಿಡೋಣ ಅನ್ನಿಸುತ್ತೆ. ಅರ್ಧ ಹೋದ ಮೇಲೆ ಕಿಂಡಿ ಮುಚ್ಚಿಕೊಳ್ಳುತ್ತೆ. ಹಿಂದೆಯೂ ಮುಚ್ಚಿಕೊಳ್ಳುತ್ತೆ. ಹೊರಗೆ ಬರೀ ಬಿಳಿ. ಆಗ ನಮ್ಮ ಒಳಕಿವಿ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಯಂತ್ರ ಒಂದು ಕಡೆ ವಾಲಿದ್ದರೂ ನೇರ ಇದ್ದೀವಿ ಅನ್ನಿಸುತ್ತೆ. ಪೈಲಟ್ ತನ್ನ ದೇಹವನ್ನು ನಂಬದೆ ಮುಂದಿರುವ ಉಪಕರಣವನ್ನೇ ನಂಬಬೇಕು. ಇದಕ್ಕೆ ಬೇರೆಯದೇ ತರಬೇತಿ, ಬೇರೆಯದೇ ಅಭ್ಯಾಸ ಬೇಕು. 2020ರ ಜನವರಿ 26ರಂದು ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರ್ ಕ್ಯಾಲಿಫೋರ್ನಿಯಾದಲ್ಲಿ ಗುಡ್ಡಕ್ಕೆ ಬಡಿದಿದ್ದು ಹೀಗೇ. ಯಂತ್ರದಲ್ಲಿ ಏನೂ ತೊಂದರೆ ಇರಲಿಲ್ಲ.

2021ರ ಡಿಸೆಂಬರ್ 8, ಕೂನೂರು. ಜನರಲ್ ಬಿಪಿನ್ ರಾವತ್, ಅವರ ಪತ್ನಿ ಸೇರಿ 14 ಜನರಿದ್ದ ವಾಯುಪಡೆಯ ಎಂಐ-17. ಸೂಲೂರಿನಿಂದ ವೆಲಿಂಗ್ಟನ್‌ಗೆ. ಕಣಿವೆಯ ಹವೆ ಇದ್ದಕ್ಕಿದ್ದಂತೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕು ತಪ್ಪಿತು, ನೆಲಕ್ಕೆ ಬಡಿಯಿತು ಅನ್ನೋದು ವಾಯುಪಡೆಯ ತನಿಖೆ ಕಂಡುಕೊಂಡ ಸಂಗತಿ. ಯಂತ್ರದ ದೋಷ ಅಲ್ಲ, ವಿಧ್ವಂಸಕ ಕೃತ್ಯವೂ ಅಲ್ಲ.

ಅದರಲ್ಲಿ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಇದ್ದರು. ಅವರ ಬಗ್ಗೆ ಸ್ವಲ್ಪ ಹೇಳಲೇಬೇಕು. 2020ರ ಅಕ್ಟೋಬರ್ 12ರಂದು ಅವರು ತೇಜಸ್ ಯುದ್ಧವಿಮಾನ ಹಾರಿಸ್ತಾ ಇದ್ದಾಗ ಎತ್ತರದಲ್ಲಿ ಕಾಕ್‌ಪಿಟ್‌ನ ಗಾಳಿಯ ಒತ್ತಡ ಹೋಯಿತು. ಇಳಿಸೋವಾಗ ನಿಯಂತ್ರಣ ವ್ಯವಸ್ಥೆಯೇ ಕೈಕೊಟ್ಟಿತು, ವಿಮಾನ ಹಿಡಿತಕ್ಕೇ ಸಿಗಲಿಲ್ಲ. ಸೀಟಿನ ಹಿಡಿ ಎಳೆದು ಹೊರಕ್ಕೆ ಹಾರಿ ಜೀವ ಉಳಿಸಿಕೊಳ್ಳಬಹುದಿತ್ತು. ಹಾರಲಿಲ್ಲ. ವಿಮಾನವನ್ನು ಮತ್ತೆ ಹಿಡಿತಕ್ಕೆ ತಂದು, ಇಳಿಸಿದರು. ವಿಮಾನ ಉಳಿದಿದ್ದರಿಂದ ತಪ್ಪು ಎಲ್ಲಿ ಅಂತ ಹುಡುಕಿ ಸರಿಪಡಿಸೋಕೆ ಆಯ್ತು. ಅದಕ್ಕೆ ಶೌರ್ಯ ಚಕ್ರ ಬಂತು. ಅಂಥ ಮನುಷ್ಯ ಮುಂದಿನ ವರ್ಷ ಈ ಹೆಲಿಕಾಪ್ಟರ್‌ನಲ್ಲಿ ಪ್ರಯಾಣಿಕ. ಕೈಯಲ್ಲಿ ಕಂಟ್ರೋಲ್ ಇಲ್ಲ. ಸುಟ್ಟಗಾಯದಲ್ಲಿ ಒಂದು ವಾರ ಹೋರಾಡಿ, ಡಿಸೆಂಬರ್ 15ರಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡರು.

ಮೋಡ ಕಂಡರೆ ಪೈಲಟ್ ಮಾಡಬೇಕಾದ್ದು ಏನು? ಒಳಗೆ ಹೋಗುವ ಮುಂಚೆ ತಿರುಗಬೇಕು, ಅಥವಾ ಇಳಿಸಬೇಕು. ಹೆಲಿಕಾಪ್ಟರ್‌ಗೆ ದೇವರು ಕೊಟ್ಟ ವರವೇ ಎಲ್ಲಿ ಬೇಕಾದ್ರೂ ಇಳಿಯೋದು, ಅದನ್ನೇ ಬಳಸದಿದ್ದರೆ ಹೇಗೆ? ಆದರೆ ಹಿಂದಿನ ಸೀಟು ಒಪ್ಪಬೇಕಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಚುನಾವಣೆ. ಒಬ್ಬ ನಾಯಕರ ಜೊತೆ ಹೆಲಿಕಾಪ್ಟರ್‌ನಲ್ಲಿ ಹೋಗ್ತಾ ಇದ್ದೆ, ಹೆಸರು ಬೇಡ. ಮಲೆನಾಡಿನ ಕಡೆ. ಮುಂದೆ ಮಳೆಯ ಪರದೆ ಇಳಿದಿತ್ತು. ಪೈಲಟ್ ಒಂದು ಮಾತೂ ಆಡದೆ ತಿರುಗಿಸಿದರು. ನಾಯಕರ ಆಪ್ತ ಸಹಾಯಕ ಹೆಡ್‌ಸೆಟ್‌ನಲ್ಲಿ ಕೂಗಾಡಿದ, "ಐವತ್ತು ಸಾವಿರ ಜನ ಕಾಯ್ತಾ ಇದ್ದಾರೆ, ನಿಮ್ಮ ಕಂಪನಿಗೆ ಫೋನ್ ಮಾಡ್ತೀನಿ." ಪೈಲಟ್ ಆ ಮಾತಿಗೆ ಉತ್ತರ ಕೊಡಲಿಲ್ಲ. ಇಪ್ಪತ್ತು ನಿಮಿಷಕ್ಕೆ ಹೊರಟ ಜಾಗದಲ್ಲೇ ಇಳಿಸಿ, ಇಂಜಿನ್ ಆರಿಸಿ, ರೆಕ್ಕೆ ನಿಂತ ಮೇಲೆ ಹೇಳಿದರು: "ಈಗ ಫೋನ್ ಮಾಡಿ ಸರ್." ಅಷ್ಟೇ. ನಾಯಕರು ಕಾರು ಹತ್ತಿದರು. ಸಭೆ ಸಂಜೆ ನಡೆಯಿತು, ಜನ ಕಾದಿದ್ದರು.

ಹಾರಾಟದ ವಿಷಯದಲ್ಲಿ ಕೊನೇ ಮಾತು ಪೈಲಟ್‌ದು, ಇದು ಕಾನೂನು. ಹಿಂದೆ ಕೂತವರು ಯಾರೇ ಆಗಿರಲಿ. ಆದರೆ ಕಾನೂನು ಇರೋದು ಪುಸ್ತಕದಲ್ಲಿ, ಮುಂದಿನ ತಿಂಗಳ ಸಂಬಳ ಇರೋದು ಗಿರಾಕಿಯ ಕೈಯಲ್ಲಿ. ಇದನ್ನು ನಾನು ರಾಜಕಾರಣಿಗಳಿಗೆ ಮಾತ್ರ ಹೇಳ್ತಾ ಇಲ್ಲ. ನಾವೂ ನೀವೂ ಈಗ ಹಿಂದಿನ ಸೀಟಿನಲ್ಲಿ ಕೂರ್ತಾ ಇದ್ದೀವಿ. ಈ ಜಿಲ್ಲೆಯಿಂದ ಪ್ರತಿವರ್ಷ ಎಷ್ಟೋ ಜನ ಚಾರ್‌ಧಾಮ್‌ಗೆ ಹೋಗ್ತಾರೆ, ವಯಸ್ಸಾದ ಅಪ್ಪ ಅಮ್ಮನಿಗೆ ನಡೆಯೋಕೆ ಆಗಲ್ಲ ಅಂತ ಮಕ್ಕಳು ಕೇದಾರಕ್ಕೆ ಹೆಲಿಕಾಪ್ಟರ್ ಟಿಕೆಟ್ ಮಾಡಿಸ್ತಾರೆ. ತಪ್ಪೇನಿಲ್ಲ. ಆದರೆ 2025ರ ಯಾತ್ರೆ ಶುರುವಾದ ಮೊದಲ ಆರೇಳು ವಾರದಲ್ಲಿ ಉತ್ತರಾಖಂಡದಲ್ಲಿ ಐದು ಹೆಲಿಕಾಪ್ಟರ್ ಘಟನೆ ಆದವು. ಜೂನ್ 7ರಂದು ತೊಂದರೆ ಬಂದ ಕೂಡಲೇ ಪೈಲಟ್ ಹೆದ್ದಾರಿಯ ಮೇಲೇ ಇಳಿಸಿಬಿಟ್ಟರು. ಬಾಲ ಮುರಿದು ನಿಂತಿದ್ದ ಕಾರಿನ ಮೇಲೆ ಬಿತ್ತು, ಯಾತ್ರಿಕರು ನಡೆದುಕೊಂಡು ಹೊರಬಂದರು. ಜೂನ್ 15ರ ನಸುಕಿನಲ್ಲಿ ಗೌರಿಕುಂಡದ ಹತ್ತಿರ ಇನ್ನೊಂದು. ಕಣಿವೆಯಲ್ಲಿ ಮೋಡ. ಏಳು ಜನ, ಒಂದು ಹಸುಗೂಸೂ ಸೇರಿ, ಯಾರೂ ಉಳಿಯಲಿಲ್ಲ. ಹೆದ್ದಾರಿಗೆ ಇಳಿಸಿದ್ದು ಟಿವಿಯಲ್ಲಿ ಎಷ್ಟು ಭೀಕರವಾಗಿ ಕಂಡರೂ ಅದೇ ಸರಿಯಾದ ಕೆಲಸ.

ಹಾಗಾಗಿ ಹೋಗೋರಿಗೆ ನಾಲ್ಕು ಮಾತು. ಟಿಕೆಟ್ ಮಾಡಿಸುವಾಗಲೇ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮರುದಿನವೇ ಡೆಹ್ರಾಡೂನ್‌ನಿಂದ ವಿಮಾನ ಬುಕ್ ಮಾಡಿಕೊಂಡು ಹೋದರೆ, ಮೋಡ ಕವಿದ ಬೆಳಗ್ಗೆ ಕೌಂಟರ್ ಮುಂದೆ ಜಗಳ ಆಡೋರು ನೀವೇ ಆಗ್ತೀರಿ. ತೂಕ ಕೇಳಿದರೆ ನಿಜ ಹೇಳಿ, ಬ್ಯಾಗ್ ಬೇಡ ಅಂದ್ರೆ ಬಿಟ್ಟುಬಿಡಿ. ಕೇದಾರ ಇರೋದು 3,583 ಮೀಟರ್ ಎತ್ತರದಲ್ಲಿ, ಗಾಳಿ ತೆಳು, ಅಲ್ಲಿ ರೆಕ್ಕೆಗೆ ಐದು ಕಿಲೋವೂ ಲೆಕ್ಕ. ಹತ್ತೋವಾಗ ಇಳಿಯೋವಾಗ ಸಿಬ್ಬಂದಿ ಕೈ ಸನ್ನೆ ಮಾಡೋವರೆಗೆ ಕದಲಬೇಡಿ, ಯಾವಾಗಲೂ ಮುಂದಿನಿಂದ, ಪೈಲಟ್‌ಗೆ ಕಾಣೋ ಹಾಗೆ, ತಲೆ ಬಗ್ಗಿಸಿ ಹೋಗಿ. ಬಾಲದ ಕಡೆ ಮಾತ್ರ ಹೋಗಲೇಬೇಡಿ. ತಿರುಗೋ ಬಾಲದ ರೋಟರ್ ಕಣ್ಣಿಗೆ ಕಾಣಲ್ಲ. 2023ರ ಏಪ್ರಿಲ್‌ನಲ್ಲಿ ಕೇದಾರದಲ್ಲೇ ಒಬ್ಬ ಸರ್ಕಾರಿ ಅಧಿಕಾರಿ ಅದಕ್ಕೆ ಸಿಕ್ಕಿ ಸತ್ತರು. ಇಳಿಜಾರಿನ ಹೆಲಿಪ್ಯಾಡ್ ಆದರೆ ಗುಡ್ಡದ ಮೇಲಿನ ಕಡೆಯಿಂದ ಬರಬೇಡಿ, ಆ ಬದಿಯಲ್ಲಿ ರೆಕ್ಕೆ ತಲೆಯ ಮಟ್ಟಕ್ಕೇ ಇರುತ್ತೆ. ಶಾಲು, ಟೋಪಿ, ಮಂಕಿ ಕ್ಯಾಪ್ ಎಲ್ಲ ಬ್ಯಾಗಿನೊಳಗೆ. ಅಮ್ಮಂದಿರು ಸೆರಗು ಸಿಕ್ಕಿಸಿಕೊಳ್ಳಿ.

ಕೂತ ಮೇಲೆ ಮೊಬೈಲ್ ತೆಗೆಯೋ ಮುಂಚೆ ಬೆಲ್ಟ್ ಹಾಕಿ, ಒಂದು ಸಲ ಬಿಚ್ಚಿ, ಮತ್ತೆ ಹಾಕಿ. ಕಣ್ಣು ಮುಚ್ಚಿಕೊಂಡೂ ಬಿಚ್ಚೋಕೆ ಬರಬೇಕು. ಬಾಗಿಲ ಹಿಡಿ ಯಾವ ಕಡೆ ತಿರುಗುತ್ತೆ ಅಂತ ಕೇಳಿ ತಿಳ್ಕೊಳ್ಳಿ. ಏನಾದರೂ ಆಗಿ ಪೈಲಟ್ ಎಲ್ಲೋ ಗದ್ದೆಯಲ್ಲಿ ಇಳಿಸಿದರೆ, ರೆಕ್ಕೆ ಪೂರ್ತಿ ನಿಲ್ಲೋವರೆಗೆ ಹೊರಗೆ ಓಡಬೇಡಿ, ಬೆಂಕಿ ಕಂಡರೆ ಮಾತ್ರ ಬೇರೆ ಮಾತು, ಆಗಲೂ ಮುಂದಕ್ಕೇ ಓಡಬೇಕು. ಮತ್ತೆ ಪೈಲಟ್ ವಾಪಸ್ ತಿರುಗಿಸಿದರೆ ಅಥವಾ ಇವತ್ತು ಹಾರಲ್ಲ ಅಂದರೆ ದುಡ್ಡು ವಾಪಸ್ ಕೇಳಿ, ಅದು ನಿಮ್ಮ ಹಕ್ಕು. ಹಾರಿಸಿ ಅಂತ ಕೇಳಬೇಡಿ.

ಆಗಲೇ ಎರಡೂ ಕೈ ಎತ್ತಿದ್ದ ಹಿರಿಯರು ಈಗ ಒಂದು ಕೈ ಎತ್ತಿದ್ದಾರೆ, ಏನೋ ಪ್ರಶ್ನೆ ಇದೆ ಅನ್ಸುತ್ತೆ. ಆ ಮೈಕ್ ಅವರ ಹತ್ತಿರ ಕೊಡಿ ಮಾರಾಯ್ರೇ.